ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ಮಹನೀಯರು: ಧಾರವಾಡಕ್ಕೊಂದು ಭಾವಚಿತ್ರ ಗ್ಯಾಲರಿ ಆಗಬೇಕಾದರೆ

ಹಳೆಯ ಕಾಲೇಜು, ಸಹಕಾರಿ ಬ್ಯಾಂಕು, ಸರಕಾರಿ ಕಚೇರಿಗಳ ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ, ಅಂದರೆ ಮೇಜು-ಕುರ್ಚಿಯಂಥ ಸಾಮಾನುಗಳ ದಾಖಲೆ ಪುಸ್ತಕದಲ್ಲಿ, ಭಾವಚಿತ್ರಗಳಿಗೆ ಸಿಗುವ ಜಾಗ ಸಾಮಾನ್ಯವಾಗಿ ಒಂದೇ ಸಾಲು: ‘ಫೋಟೊ ಫ್ರೇಮ್, ದೊಡ್ಡದು’. ಮೇಲಿನ ಸಾಲಿನಲ್ಲಿ ಗೋಡೆ ಗಡಿಯಾರ, ಕೆಳಗಿನ ಸಾಲಿನಲ್ಲಿ ಕಬ್ಬಿಣದ ಕಪಾಟು. ಚಿತ್ರ ಯಾರದು, ಬರೆದವರು ಯಾರು, ಎಣ್ಣೆಬಣ್ಣದ್ದೋ ಫೋಟೊವೋ, ಯಾರು ಯಾವಾಗ ಕೊಟ್ಟರು ಎಂಬುದಕ್ಕೆ ಅಲ್ಲಿ ಕಾಲಮ್ಮೇ ಇರುವುದಿಲ್ಲ. ಗಾಜು ಒಡೆದು ಮೂಲೆ ಸೇರಿದ ಮೇಲೆ ‘ನಿರುಪಯುಕ್ತ’ ಎಂದು ಷರಾ ಬರೆದು, ಮುರಿದ ಕುರ್ಚಿಗಳ ಜೊತೆ ಹರಾಜಿಗೆ ಹಾಕಲು ಈ ಒಂದು ಸಾಲು ಸಾಕು. ಲೆಕ್ಕಪತ್ರದ ದೃಷ್ಟಿಯಿಂದ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. 1962ರಿಂದ ಒಂದೇ ಆಗಿದ್ದ ಹುಬ್ಬಳ್ಳಿ-ಧಾರವಾಡ ಪಾಲಿಕೆಯಿಂದ ಧಾರವಾಡವನ್ನು ಬೇರ್ಪಡಿಸಿ ಪ್ರತ್ಯೇಕ ಮಹಾನಗರ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಪಾಲು ಮಾಡುವಾಗ ವಾಹನ, ಕಟ್ಟಡ, ನೀರಿನ ಟಾಕಿ ಎಲ್ಲಕ್ಕೂ ಲೆಕ್ಕ ಸಿಗುತ್ತದೆ. ಗೋಡೆಯ ಮೇಲಿನ ಚಿತ್ರಕ್ಕೆ ಸಿಗುವುದು ಕಷ್ಟ. ಇನ್ನೊಂದು ಕಡೆ, ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದ ನಂತರ 2024ರಲ್ಲಿ ರಾಜ್ಯದ ಸರಕಾರಿ ಕಚೇರಿಗಳಲ್ಲೆಲ್ಲ ಅವರ ಭಾವಚಿತ್ರ ಅನಾವರಣಗೊಂಡಿತು. ಹೊಸ ಚಿತ್ರ ಬಂದಲ್ಲಿ ಹಳೆಯದು ಪಕ್ಕಕ್ಕೆ ಸರಿಯಬೇಕಾಗುತ್ತದೆ. ಸರಿದದ್ದು ಎಲ್ಲಿಗೆ ಹೋಯಿತು ಎಂದು ಬರೆದಿಡುವ ಪದ್ಧತಿ ನಮ್ಮಲ್ಲಿಲ್ಲ.

ಇಷ್ಟು ಮಹನೀಯರು ಬಾಳಿದ ಊರಿಗೆ ಒಂದು ಭಾವಚಿತ್ರ ಗ್ಯಾಲರಿ ಬೇಡವೇ ಎಂದು ಯಾರಾದರೂ ಕೇಳಿದರೆ ಮಾತು ನೇರ ನಿವೇಶನ, ನಕಾಶೆ, ಅನುದಾನಕ್ಕೆ ಹೋಗಿ ನಿಲ್ಲುತ್ತದೆ. ಬೇರೆ ದೇಶಗಳ ಅನುಭವ ಹಾಗಿಲ್ಲ. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ಸ್ಥಾಪನೆಯಾದದ್ದು 1856ರಲ್ಲಿ, ಈಗಿನ ಸ್ವಂತ ಕಟ್ಟಡ ತೆರೆದದ್ದು 1896ರಲ್ಲಿ. ನಡುವಿನ 40 ವರ್ಷ ಅದು ಮನೆಯಿಂದ ಮನೆಗೆ ಬಿಡಾರ ಬದಲಿಸುತ್ತಲೇ ಸಂಗ್ರಹ ಬೆಳೆಸಿತು. ಆಸ್ಟ್ರೇಲಿಯದ ಕ್ಯಾನ್‌ಬೆರಾದ ಗ್ಯಾಲರಿಯೂ 1998ರಲ್ಲಿ ಹಳೆಯ ಸಂಸತ್ ಭವನದ ಕೋಣೆಗಳಲ್ಲಿ ಶುರುವಾಗಿ 2008ರಲ್ಲಿ ತನ್ನ ಕಟ್ಟಡಕ್ಕೆ ಹೋಯಿತು. ನಮ್ಮಲ್ಲಿ ಕಟ್ಟಡಕ್ಕೆ ಹಣ ಬರುತ್ತದೆ, ಆಮೇಲೆ ಒಳಗೆ ಏನು ಹಾಕುವುದೆಂದು ಹುಡುಕುತ್ತಾರೆ. ಕೊನೆಗೆ ಫ್ಲೆಕ್ಸ್ ಪ್ರಿಂಟರನ ಅಂಗಡಿಯಲ್ಲಿ ಎಲ್ಲರ ಮುಖವೂ ಒಂದೇ ಅಳತೆಯಲ್ಲಿ ತಯಾರಾಗುತ್ತದೆ.

ಸಂಗ್ರಹವೆಂಬುದು ಈಗಾಗಲೇ ಇದೆ, ಹರಡಿಕೊಂಡಿದೆ ಅಷ್ಟೇ. 1890ರ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರ ಕರ್ನಾಟಕ ಕಾಲೇಜು, 1939ರ ಕನ್ನಡ ಸಂಶೋಧನಾ ಸಂಸ್ಥೆ, 1949ರ ಕರ್ನಾಟಕ ವಿಶ್ವವಿದ್ಯಾಲಯ, 1950ರ ಧಾರವಾಡ ಆಕಾಶವಾಣಿ, ಸಾಧನಕೇರಿಯ ಬೇಂದ್ರೆ ಭವನ, ಮಲ್ಲಿಕಾರ್ಜುನ ಮನ್ಸೂರರ ಮನೆ ‘ಮೃತ್ಯುಂಜಯ’, ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ಲರ ನೆನಪಿನ ಸಂಗ್ರಹ, ಗದಗಿನ ವೀರೇಶ್ವರ ಪುಣ್ಯಾಶ್ರಮ – ಭಾವಚಿತ್ರ ಹುಡುಕಿಕೊಂಡು ಹೊರಟವರು ಮೊದಲು ಬಾಗಿಲು ತಟ್ಟಬೇಕಾದ ಜಾಗಗಳೇ ಇಷ್ಟಿವೆ. ಮಠಗಳು, ವಕೀಲರ ಸಂಘಗಳು, ಹಳೆಯ ಹೈಸ್ಕೂಲುಗಳು ಬೇರೆ. ಚಿತ್ರಕಾರರಿಗೂ ಬರವಿರಲಿಲ್ಲ. ಈ ಭಾಗ ಮುಂಬೈ ಪ್ರಾಂತ್ಯದಲ್ಲಿದ್ದುದರಿಂದ ಇಲ್ಲಿಯ ಕಲಾವಿದರು ಮೈಸೂರು ಅರಮನೆಗಿಂತ ಹೆಚ್ಚಾಗಿ ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಕಡೆ ಮುಖ ಮಾಡಿದ್ದರು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ ಕಟ್ಟಿದ ಕಲಾಶಾಲೆಗಳಿಂದ ಎರಡು-ಮೂರು ತಲೆಮಾರಿನ ಡ್ರಾಯಿಂಗ್ ಮಾಸ್ತರರು ಹೊರಬಂದರು. ಶಾಲೆಯ ಗೋಡೆಗೆ ಸಂಸ್ಥಾಪಕರ ಚಿತ್ರ ಬೇಕಾದಾಗ ಬರೆದುಕೊಟ್ಟವರಲ್ಲಿ ಇಂಥ ಮಾಸ್ತರರೇ ಬಹಳ. ಸಹಿ ಹಾಕಿದ್ದು ಕಡಿಮೆ.

ಬಣ್ಣದ ಕೆಳಗೆ ಏನಿದೆ?

ಗೋಡೆಯ ಮೇಲೆ ‘ಆಯಿಲ್ ಪೇಂಟಿಂಗ್’ ಎಂದು ತೋರಿಸುವ ಚಿತ್ರಗಳಲ್ಲಿ ಗಣನೀಯ ಪಾಲು ನಿಜಕ್ಕೂ ಬಣ್ಣ ಬಳಿದ ಫೋಟೊಗಳು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಸ್ಟುಡಿಯೊಗಳು ಸಣ್ಣ ನೆಗೆಟಿವ್‌ನಿಂದ ದೊಡ್ಡ ಬ್ರೊಮೈಡ್ ಪ್ರಿಂಟ್ (ಕಪ್ಪು-ಬಿಳುಪು ಫೋಟೊ ಕಾಗದದ ಪ್ರತಿ) ತೆಗೆದು, ಅದನ್ನು ಬಟ್ಟೆಗೋ ರಟ್ಟಿಗೋ ಅಂಟಿಸಿ, ಮೇಲೆ ಎಣ್ಣೆಬಣ್ಣ ಹಚ್ಚಿಸುತ್ತಿದ್ದವು. ಮುಖದ ಮೇಲೆ ತೆಳುವಾಗಿ, ರುಮಾಲು-ಕೋಟಿನ ಮೇಲೆ ದಪ್ಪವಾಗಿ. ಗುರುತಿಸುವುದು ಕಷ್ಟವಲ್ಲ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಚಿತ್ರದ ಒಂದು ಬದಿಯಿಂದ ಗೋಡೆಗೆ ಸಮಾನಾಂತರವಾಗಿ ಹಿಡಿಯಬೇಕು. ಕ್ಯಾನ್ವಾಸಿನ ಮೇಲೆ ನೇರ ಬರೆದದ್ದಾದರೆ ನೇಯ್ಗೆಯ ಗೀರು, ಕುಂಚದ ಏರಿಳಿತ ಎಲ್ಲೆಡೆ ಕಾಣುತ್ತದೆ. ಬ್ರೊಮೈಡ್ ಆದರೆ ಕೆನ್ನೆ, ಹಣೆ ಗಾಜಿನಂತೆ ನುಣುಪಾಗಿದ್ದು ಬಟ್ಟೆಯ ಭಾಗದಲ್ಲಿ ಮಾತ್ರ ಬಣ್ಣ ಎದ್ದಿರುತ್ತದೆ. ಆಮೇಲೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಕಣ್ಣಿನ ಪಾಪೆ, ಮೀಸೆಯ ಅಂಚು ನೋಡಬೇಕು. ಬಣ್ಣ ಸವೆದಲ್ಲಿ ಕೆಳಗಿನ ಬೂದು ಛಾಯೆ ಹಣಿಕಿ ಹಾಕುತ್ತದೆ. ಸಾಲು ಸಾಲು ನೀಲಿ, ಗುಲಾಬಿ, ಹಳದಿ ಚುಕ್ಕೆ ಕಂಡರೆ ಅದು ಅಚ್ಚಾದ ಪ್ರಿಂಟು. ಫ್ರೇಮಿನ ಅಂಗಡಿಯವರು ಅದಕ್ಕೆ ವಾರ್ನಿಷ್ ಬಳಿದು ಕುಂಚದ ಗೆರೆ ಎಬ್ಬಿಸಿರುವುದೂ ಉಂಟು.

ಇದರಿಂದ ಬ್ರೊಮೈಡಿನ ಬೆಲೆ ಕಡಿಮೆಯಾಯಿತೆಂದು ತಿಳಿಯಬಾರದು. ಮೂಲ ನೆಗೆಟಿವ್ ಕಳೆದುಹೋಗಿ, ಆ ಮನುಷ್ಯನ ನಿಜವಾದ ಮುಖ ಉಳಿದಿರುವುದು ಈ ಬಣ್ಣದ ಕೆಳಗಿನ ಕಾಗದದಲ್ಲಿ ಮಾತ್ರ ಇರಬಹುದು. ಆದರೆ ಕಾಪಾಡುವ ರೀತಿ ಪೂರ್ತಿ ಬೇರೆ. ಎಣ್ಣೆಬಣ್ಣವೆಂದು ತಿಳಿದು ಯಾರಾದರೂ ‘ಸ್ವಚ್ಛ’ ಮಾಡಲು ಹೋದರೆ ಮೊದಲು ಕಿತ್ತು ಬರುವುದು ಮುಖದ ತೆಳು ಬಣ್ಣ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಸೂಕ್ಷ್ಮ: ಹೋಲಿಕೆ ಎಲ್ಲಿಂದ ಬಂತು? ಎದುರು ಕೂರಿಸಿಕೊಂಡು ಬರೆದದ್ದು, ಫೋಟೊ ನೋಡಿ ಬರೆದದ್ದು, ಕಲ್ಪಿಸಿ ಬರೆದದ್ದು – ಮೂರನ್ನೂ ರಜಿಸ್ಟರಿನಲ್ಲಿ ಬೇರೆ ಬೇರೆ ನಮೂದಿಸಲೇಬೇಕು. ಬಸವಣ್ಣ, ಗದಗಿನ ಕುಮಾರವ್ಯಾಸ, ಬಾಡದ ಕನಕದಾಸ ಇವರ ಚಿತ್ರಗಳು ಭಕ್ತಿಯ ಕಲ್ಪನೆಗಳು. ಬೇಂದ್ರೆ, ಆಲೂರು ವೆಂಕಟರಾಯರು, ಗಂಗೂಬಾಯಿ ಅವರದು ಫೋಟೊ ಕಂಡ ಮುಖಗಳು. ಎರಡಕ್ಕೂ ಒಂದೇ ಬಗೆಯ ಲೇಬಲ್ ಹಚ್ಚಿದರೆ ನೋಡುವ ಹುಡುಗರಿಗೆ ವ್ಯತ್ಯಾಸ ಗೊತ್ತಾಗುವುದು ಹೇಗೆ? ಲಂಡನ್ ಗ್ಯಾಲರಿಯ ಸಂಗ್ರಹದ ಮೊದಲ ನಂಬರಿನ ಚಿತ್ರ ಶೇಕ್ಸ್‌ಪಿಯರ್‌ನದು ಎಂದು ಹೇಳುವ ಒಂದು ಎಣ್ಣೆಚಿತ್ರ. ಅದು ಅವನದೇ ಎಂಬುದಕ್ಕೆ ಖಚಿತ ಸಾಕ್ಷ್ಯವಿಲ್ಲ. ಗ್ಯಾಲರಿ ಅದನ್ನು ಮುಚ್ಚಿಡುವುದಿಲ್ಲ, ಚಿತ್ರದ ಗೌರವಕ್ಕೂ ಅದರಿಂದ ಕುಂದು ಬಂದಿಲ್ಲ.

ಈಗ ನಾಲ್ಕನೆಯ ಬಗೆಯೂ ಸೇರಿದೆ. ಮಸುಕಾದ ಗುಂಪು ಫೋಟೊದಿಂದ ಒಂದು ಮುಖ ಕತ್ತರಿಸಿ ಮೊಬೈಲಿನ ಎಐ ಆ್ಯಪಿಗೆ ಕೊಟ್ಟರೆ ಅದು ರೆಪ್ಪೆಗೂದಲು, ಹಲ್ಲು, ಚರ್ಮದ ರಂಧ್ರ ಎಲ್ಲವನ್ನೂ ತಾನೇ ಊಹಿಸಿ ತುಂಬುತ್ತದೆ. ಫಲಿತಾಂಶ ಚೆಲುವಾಗಿರುತ್ತದೆ, ಆದರೆ ಮುಖ ಬೇರೆಯವರದು. ಅದೇ ಚಿತ್ರ ಜಯಂತಿಯ ಫ್ಲೆಕ್ಸಿಗೆ ಹೋಗಿ, ಅಲ್ಲಿಂದ ಪಠ್ಯಪುಸ್ತಕಕ್ಕೆ ಬಂದರೆ ಹತ್ತು ವರ್ಷದ ನಂತರ ಮೂಲ ಯಾವುದೆಂದು ಹೇಳುವವರು ಸಿಗುವುದಿಲ್ಲ. ಅಂಥದ್ದನ್ನು ಸಂಗ್ರಹಕ್ಕೆ ಸೇರಿಸುವುದೇ ಆದರೆ ಮೂಲ ಫೋಟೊದ ಸ್ಕ್ಯಾನ್ ಜೊತೆಗಿರಬೇಕು. ಇಲ್ಲದಿದ್ದರೆ ಬೇಡ.

ರಜಿಸ್ಟರ್ ಮಾಡುವ ಬಗೆ

ಪ್ರತಿ ಚಿತ್ರಕ್ಕೂ ಒಂದು ನಂಬರು: ದಾಖಲಾದ ವರ್ಷ, ಚುಕ್ಕೆ, ಕ್ರಮಸಂಖ್ಯೆ – 2026.14 ಎಂಬಂತೆ. ಸಂಸ್ಥೆ ಹಲವಾದ್ದರಿಂದ ಮುಂದೆ ಎರಡಕ್ಷರದ ಸಂಕೇತ. ನಂಬರನ್ನು ಕ್ಯಾನ್ವಾಸಿನ ಬೆನ್ನಿಗೆ ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಕೆಲ ವರ್ಷದಲ್ಲಿ ಮುಂದಿನ ಬಣ್ಣದಲ್ಲಿ ಅದೇ ಆಕಾರದ ಬಿರುಕು ಮೂಡುತ್ತದೆ. ಒಳಗಿನ ಮರದ ಪಟ್ಟಿಯ ಮೇಲೆ 2ಬಿ ಪೆನ್ಸಿಲಿನಿಂದ ಬರೆಯಬೇಕು, ಜೊತೆಗೆ ಹತ್ತಿಯ ಲಾಡಿಯಲ್ಲಿ ಒಂದು ಚೀಟಿ ಕಟ್ಟಬೇಕು. ಸೆಲ್ಲೊ ಟೇಪು, ಸ್ಟಿಕ್ಕರು, ಫೆವಿಕಾಲ್ ಯಾವುದೂ ಕೂಡದು.

ತುಂಬಬೇಕಾದದ್ದು: ಯಾರ ಚಿತ್ರ, ಹೋಲಿಕೆಯ ಮೂಲ, ಬರೆದವರು, ಸಹಿ ಎಲ್ಲಿದೆ, ವರ್ಷ, ಮಾಧ್ಯಮ, ಆಧಾರ (ಬಟ್ಟೆಯೋ ರಟ್ಟೋ), ಅಳತೆ ಸೆಂಟಿಮೀಟರಿನಲ್ಲಿ, ಎತ್ತರ ಮೊದಲು, ಫ್ರೇಮ್ ಬಿಟ್ಟು ಮತ್ತು ಫ್ರೇಮ್ ಸೇರಿ, ಯಾರಿಂದ ಬಂತು, ಯಾವ ಠರಾವಿನಿಂದ, ಈಗಿನ ಸ್ಥಿತಿ, ಈಗ ಎಲ್ಲಿ ತೂಗಿದೆ. ಫೋಟೊ ನಾಲ್ಕು: ಮುಂದೆ, ಹಿಂದೆ, ಸಹಿ, ಹಾಳಾದ ಭಾಗ. ಹಿಂಭಾಗವನ್ನು ಬಿಡುವವರೇ ಹೆಚ್ಚು, ಆದರೆ ಸುದ್ದಿ ಇರುವುದು ಅಲ್ಲೇ. ಫ್ರೇಮ್ ಅಂಗಡಿಯ ಚೀಟಿ, ಸ್ಟುಡಿಯೊ ಮುದ್ರೆ, ದಾನಿಯ ಹೆಸರು, ಕೆಲವೊಮ್ಮೆ ರಟ್ಟಿಗೆ ಬಳಸಿದ ಹಳೆಯ ಪತ್ರಿಕೆಯ ತಾರೀಖು. ಗಾಜಿನ ಪ್ರತಿಫಲನ ತಪ್ಪಿಸಲು ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ ಹಿಡಿದು, ಬೆಳಕನ್ನು ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ಕೊಡಬೇಕು. ಫ್ಲ್ಯಾಶ್ ಹೊಡೆದರೆ ಗಾಜಿನಲ್ಲಿ ಬೆಳಕಿನ ಉಂಡೆ ಮಾತ್ರ ಬರುತ್ತದೆ.

ಒಂದು ಚಿತ್ರಕ್ಕೆ ಅರ್ಧ ತಾಸು ಹಿಡಿದರೆ ಮೂವರ ತಂಡ ದಿನಕ್ಕೆ 12ರಿಂದ 15 ಮುಗಿಸಬಹುದು: ಒಬ್ಬರು ಇಳಿಸಿ ಹಿಡಿಯಲು, ಒಬ್ಬರು ಅಳೆದು ಬರೆಯಲು, ಒಬ್ಬರು ಫೋಟೊಕ್ಕೆ. 300 ಚಿತ್ರಕ್ಕೆ ಸುಮಾರು 25 ಕೆಲಸದ ದಿನ. ಕಲಾ ಮಹಾವಿದ್ಯಾಲಯದ ವಿದ್ಯಾರ್ಥಿಗಳು ಬೇಸಿಗೆ ರಜೆಯಲ್ಲಿ ಮಾಡಬಹುದಾದ ಕೆಲಸ ಇದು. ಶುರುವಿಗೆ ಎಕ್ಸೆಲ್ ಶೀಟ್ ಸಾಕು. ಮುಂದೆ ಬೇಕಾದರೆ ಕೇಂದ್ರ ಸರಕಾರದ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್ ರೂಪಿಸಿದ ‘ಜತನ್’ ತಂತ್ರಾಂಶವಿದೆ, ದೇಶದ ದೊಡ್ಡ ಸರಕಾರಿ ಮ್ಯೂಸಿಯಮ್ಮುಗಳು ಬಳಸುವುದು ಅದನ್ನೇ. ಯಾರೂ ತಮ್ಮ ಚಿತ್ರ ಬಿಟ್ಟುಕೊಡಬೇಕಾಗಿಲ್ಲ ಎಂಬುದು ಈ ಹಂತದ ದೊಡ್ಡ ಅನುಕೂಲ. ಚಿತ್ರ ಇದ್ದಲ್ಲೇ ಇರುತ್ತದೆ, ಪಟ್ಟಿ ಮಾತ್ರ ಒಂದಾಗುತ್ತದೆ.

ಮಳೆ, ಮಾಲೆ, ಮಹೋತ್ಸವ

ಧಾರವಾಡ ಮಲೆನಾಡಿನ ಸೆರಗಿನಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ ಬೆವರುತ್ತದೆ, ಏಪ್ರಿಲ್ ಮಧ್ಯಾಹ್ನಗಳಲ್ಲಿ ಗಾಳಿ ಒಣಗಿ ಬಿರಿಯುತ್ತದೆ. ಇಪ್ಪತ್ತು ಕಿಲೊಮೀಟರ್ ಆಚೆ ಹುಬ್ಬಳ್ಳಿಯಲ್ಲಿ ತೇವ ಕಡಿಮೆ, ಗದಗಿನಲ್ಲಿ ಇನ್ನೂ ಕಡಿಮೆ. ಎಣ್ಣೆಚಿತ್ರಕ್ಕೆ ತೇವಕ್ಕಿಂತ ತೇವದ ಏರಿಳಿತವೇ ಕೆಟ್ಟದ್ದು. ಕ್ಯಾನ್ವಾಸು, ಅದಕ್ಕೆ ಬಳಿದ ಸರೇಸು, ಬಣ್ಣ – ಮೂರೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಬಣ್ಣ ಬಿರುಕು ಬಿಟ್ಟು, ಅಂಚು ಮೇಲೆದ್ದು, ಹೊಪ್ಪಳಿಕೆಯಾಗಿ ಉದುರುತ್ತದೆ. ಸಾಪೇಕ್ಷ ತೇವಾಂಶ ಶೇ. 45ರಿಂದ 55ರ ನಡುವೆ ಇರಲಿ ಎಂಬುದು ಮ್ಯೂಸಿಯಮ್ಮಿನವರ ಹಳೆಯ ಲೆಕ್ಕ. ಎಸಿ ಇಲ್ಲದ ಕೋಣೆಯಲ್ಲಿ ಅದು ಆಗದ ಮಾತು. ಶೇ. 65 ದಾಟಿ ವಾರಗಟ್ಟಲೆ ನಿಂತರೆ ಬೂಷ್ಟು ಖಚಿತ. ಹೊರಗೋಡೆಗೆ ತೂಗುಹಾಕದಿರುವುದು, ಫ್ರೇಮಿನ ಕೆಳಗಿನ ಎರಡು ಮೂಲೆಗೆ ಬಾಟಲಿಯ ಬಿರಡೆಯ ತುಂಡು ಅಂಟಿಸಿ ಹಿಂದೆ ಒಂದಿಂಚು ಗಾಳಿಯಾಡಲು ಬಿಡುವುದು, ಕೋಣೆಗೊಂದು ಡಿಜಿಟಲ್ ತೇವಮಾಪಕ ಇಟ್ಟು ವಾರಕ್ಕೊಮ್ಮೆ ಬರೆದಿಡುವುದು – ಇಷ್ಟರಿಂದ ಅರ್ಧ ಹಾನಿ ತಪ್ಪುತ್ತದೆ.

ಫೋಟೊಗಳದು ಇನ್ನೊಂದು ಕಥೆ. ಗಾಜಿಗೆ ತಾಗಿಸಿ ಕಟ್ಟು ಹಾಕಿಸಿದ ಫೋಟೊದ ಜೆಲಾಟಿನ್ ಪದರ ಮಳೆಗಾಲದಲ್ಲಿ ಮೆತ್ತಗಾಗಿ ಗಾಜಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಗಾಜು ಬಿಚ್ಚಿದರೆ ಮುಖವೂ ಜೊತೆಗೇ ಬರುತ್ತದೆ. ಅಂಟಿಕೊಂಡದ್ದನ್ನು ಬಿಡಿಸಲು ಹೋಗದೆ ಗಾಜಿನ ಸಮೇತ ಸ್ಕ್ಯಾನ್ ಮಾಡಿಡಬೇಕು. ಹೊಸದಾಗಿ ಕಟ್ಟು ಹಾಕಿಸುವಾಗ ನಡುವೆ ಆಮ್ಲರಹಿತ ರಟ್ಟಿನ ಮೌಂಟ್ ಇರಬೇಕು, ಬೆನ್ನಿಗೆ ಪ್ಲೈವುಡ್ ಅಥವಾ ಹಾರ್ಡ್‌ಬೋರ್ಡ್ ಹಾಕಿದರೆ ಅದರ ಆಮ್ಲದಿಂದಲೇ ಕಾಗದ ಕಂದುಬಣ್ಣಕ್ಕೆ ತಿರುಗುತ್ತದೆ. ಫೋಟೊ, ಜಲವರ್ಣಗಳ ಮೇಲೆ ಬೆಳಕು 50 ಲಕ್ಸ್ (ಬೆಳಕಿನ ತೀವ್ರತೆಯ ಅಳತೆ) ಮೀರಬಾರದು, ಎಣ್ಣೆಚಿತ್ರಕ್ಕೆ 200ರ ತನಕ ನಡೆಯುತ್ತದೆ. ಹಾಗೆಂದು ಎಣ್ಣೆಚಿತ್ರವನ್ನು ಕತ್ತಲ ಕಪಾಟಿನಲ್ಲಿ ವರ್ಷಗಟ್ಟಲೆ ಇಟ್ಟರೆ ಅಗಸೆ ಎಣ್ಣೆ ಹಳದಿಗಟ್ಟುತ್ತದೆ.

ಮಾಲೆಯ ವಿಚಾರ ಹೇಳಲೇಬೇಕು. ಒದ್ದೆ ಹೂವಿನ ಹಾರ ಒಂದು ದಿನ ಇದ್ದರೆ ಗಾಜು ಒರೆಸಿದರಾಯಿತು. ಗಾಜಿಲ್ಲದ ಎಣ್ಣೆಚಿತ್ರಕ್ಕೆ ಕುಂಕುಮ, ಗಂಧ ಹಚ್ಚಿದರೆ ಅದು ಬಿರುಕಿನೊಳಗೆ ಇಳಿದು ಹಣೆಯ ಮೇಲೆ ಶಾಶ್ವತ ಕಲೆಯಾಗುತ್ತದೆ. ಊದಿನಕಡ್ಡಿಯ ಜಿಗುಟು ಮಸಿ ಧೂಳನ್ನು ಎಳೆದುಕೊಳ್ಳುತ್ತದೆ. ಜಯಂತಿಗೆ ಪೂಜೆ ಬೇಡವೆಂದು ಯಾವ ಸಂಸ್ಥೆಯೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಪೂಜೆಗೆ ಒಂದು ಒಳ್ಳೆಯ ಪ್ರಿಂಟ್ ಇಟ್ಟು ಮೂಲವನ್ನು ಗೋಡೆಯ ಮೇಲೇ ಬಿಟ್ಟರೆ ಇಬ್ಬರಿಗೂ ಕ್ಷೇಮ.

ಆದರೂ ಭಾವಚಿತ್ರಗಳಿಗೆ ಗೆದ್ದಲಿಗಿಂತ ದೊಡ್ಡ ಶತ್ರು ಸಂಸ್ಥೆಯ ಸುವರ್ಣ ಮಹೋತ್ಸವ. ಸುಣ್ಣ-ಬಣ್ಣಕ್ಕೆಂದು ಎಲ್ಲ ಚಿತ್ರ ಇಳಿಸಿ ಮುಖಕ್ಕೆ ಮುಖ ಒತ್ತಿ ಒಟ್ಟುತ್ತಾರೆ. ಒಂದರ ಮೊಳೆ ಇನ್ನೊಂದರ ಕೆನ್ನೆಯಲ್ಲಿ ಇಳಿಯುತ್ತದೆ. ಧೂಳು ತೆಗೆಯಲು ಒದ್ದೆ ಬಟ್ಟೆ, ಹೊಳಪಿಗೆ ಕೊಬ್ಬರಿ ಎಣ್ಣೆ, ಕೆಲವರು ಹೆಚ್ಚಿದ ಬಟಾಟೆಯಿಂದಲೂ ಉಜ್ಜುತ್ತಾರೆ. ಅಷ್ಟಕ್ಕೂ ಹೊಳೆಯದಿದ್ದರೆ ಪೇಂಟರನನ್ನು ಕರೆದು ‘ಟಚಪ್’. ಧೂಳಿಗೆ ಮೆತ್ತನೆಯ ಒಣ ಕುಂಚ ಸಾಕು, ಅದೂ ಬಣ್ಣ ಗಟ್ಟಿಯಾಗಿ ನಿಂತಿದ್ದರೆ ಮಾತ್ರ. ಉದುರುತ್ತಿದ್ದರೆ ಮುಖ ಮೇಲೆ ಮಾಡಿ ಮಲಗಿಸಿ, ಮುಟ್ಟದೆ, ತಿಳಿದವರನ್ನು ಕೇಳಬೇಕು. ಮೈಸೂರಿನಲ್ಲಿ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯವಿದೆ. ಮಹೋತ್ಸವ ಸಮಿತಿ ಪೆಂಡಾಲಿಗೆ ಇಡುವ ಹಣದ ನೂರರಲ್ಲೊಂದು ಪಾಲು ಇದಕ್ಕಿಟ್ಟರೂ ಸಾಕಿತ್ತು.

ಯಾರಿಗೆ ಗೋಡೆ, ಯಾರಿಗೆ ಬಹುಮಾನ?

ಗ್ಯಾಲರಿ ಎಂದ ಕೂಡಲೇ ಪ್ರತಿ ಸಮಾಜ, ಮಠ, ಪಕ್ಷದಿಂದ ‘ನಮ್ಮವರದೂ ಒಂದು’ ಎಂಬ ಒತ್ತಾಯ ಬರುತ್ತದೆ. ಅದನ್ನು ಎದುರಿಸಲು ಸಜ್ಜನಿಕೆ ಸಾಲದು, ಬರೆದಿಟ್ಟ ನಿಯಮ ಬೇಕು. ಲಂಡನ್ ಗ್ಯಾಲರಿ ತೀರಿಕೊಂಡು 10 ವರ್ಷ ಕಳೆಯದವರ ಚಿತ್ರವನ್ನು ತೆಗೆದುಕೊಳ್ಳುತ್ತಿರಲಿಲ್ಲ, ಆಳುವ ಅರಸರಿಗೆ ಮಾತ್ರ ವಿನಾಯಿತಿ. ಈ ನಿಯಮ ಕೈಬಿಟ್ಟದ್ದು 1969ರಲ್ಲಿ. ಆ ಹತ್ತು ವರ್ಷದ ನಿಯಮದ ಲಾಭ ಸ್ಪಷ್ಟ: ಅಧಿಕಾರದಲ್ಲಿರುವವರು ಗೋಡೆ ಏರಲಾಗುವುದಿಲ್ಲ. ನಷ್ಟವೂ ಸ್ಪಷ್ಟ: ಎದುರು ಕೂರಿಸಿ ಬರೆಯುವ ಅವಕಾಶ ತಪ್ಪುತ್ತದೆ. ನಮಗೆ ಹೊಂದುವುದು ಮಿಶ್ರ ಪದ್ಧತಿ. ಜೀವಂತ ಕಲಾವಿದ, ಬರಹಗಾರ, ವಿಜ್ಞಾನಿ, ಕುಶಲಕರ್ಮಿಗಳ ಚಿತ್ರ ಬರಲಿ. ಚುನಾವಣೆಗೆ ನಿಲ್ಲುವವರಿಗೂ ಪೀಠದಲ್ಲಿರುವವರಿಗೂ ಹತ್ತು ವರ್ಷದ ನಿಯಮ ಇರಲಿ.

ಹೊಸ ಚಿತ್ರ ತರಿಸುವ ದಾರಿ ಸ್ಪರ್ಧೆ. ಇದರಲ್ಲಿ ಆಸ್ಟ್ರೇಲಿಯದ ಆರ್ಚಿಬಾಲ್ಡ್ ಬಹುಮಾನದಷ್ಟು ಪಾಠ ಕಲಿಸುವುದು ಇನ್ನೊಂದಿಲ್ಲ. 1921ರಿಂದ ನಡೆದಿದೆ, ಈಗಿನ ಮೊತ್ತ 1 ಲಕ್ಷ ಆಸ್ಟ್ರೇಲಿಯನ್ ಡಾಲರ್. ಚಿತ್ರ ಜೀವಂತ ವ್ಯಕ್ತಿಯನ್ನು ಎದುರು ಕೂರಿಸಿಯೇ ಬರೆದದ್ದಾಗಿರಬೇಕು. 1975ರಲ್ಲಿ ಗೆದ್ದ ಚಿತ್ರ ಫೋಟೊ ನೋಡಿ ಬರೆದದ್ದೆಂದು ತಿಳಿದಾಗ ಬಹುಮಾನ ವಾಪಸು ಪಡೆದರು. ಅದಕ್ಕೂ ಮುಂಚೆ, ವಿಲಿಯಂ ಡೊಬೆಲ್ ಗೆದ್ದ ಚಿತ್ರ ಭಾವಚಿತ್ರವೇ ಅಲ್ಲ, ವ್ಯಂಗ್ಯಚಿತ್ರ ಎಂದು ಸೋತವರು 1944ರಲ್ಲಿ ಕೋರ್ಟಿಗೆ ಹೋಗಿ ಅಲ್ಲಿಯೂ ಸೋತರು. ಭಾವಚಿತ್ರ ಎಂದರೇನು ಎಂದು ನಿಯಮಾವಳಿಯಲ್ಲೇ ಬರೆಯದಿದ್ದರೆ ಯಾರೋ ಒಂದು ದಿನ ವಕೀಲರ ಬಾಯಿಂದ ಬರೆಸುತ್ತಾರೆ. ಚಿತ್ರಗಳನ್ನು ಇಳಿಸಿ, ಬಿಚ್ಚಿ, ತೂಗುಹಾಕುವ ಸಿಬ್ಬಂದಿ ತಾವೇ ಆರಿಸಿ ಕೊಡುವ ಬಹುಮಾನವೂ ಅಲ್ಲಿದೆ. ಜ್ಯೂರಿಯ ತೀರ್ಪಿನಂತೆ ಜನ ಅದಕ್ಕೂ ಕಾಯುತ್ತಾರೆ ಎಂದರೆ ಆಶ್ಚರ್ಯವಿಲ್ಲ.

ಎದುರು ಕೂರಿಸುವ ನಿಯಮ ಇಲ್ಲದೆ ನಮ್ಮಲ್ಲಿ ಭಾವಚಿತ್ರ ಸ್ಪರ್ಧೆ ಕರೆದರೆ ಏನಾಗುತ್ತದೆಂದು ಊಹಿಸುವುದು ಸುಲಭ: ಗೂಗಲ್‌ನಲ್ಲಿ ಮೊದಲು ಸಿಗುವ ಅದೇ ಫೋಟೊದಿಂದ ಬರೆದ ನಲವತ್ತು ಬೇಂದ್ರೆ, ಮೂವತ್ತು ಗಂಗೂಬಾಯಿ. ಅದಕ್ಕೆ ಬದಲು, ಧಾರವಾಡ, ಗದಗ, ಹಾವೇರಿ ಜಿಲ್ಲೆಯಲ್ಲಿ ಬಾಳುತ್ತಿರುವವರ ಚಿತ್ರವನ್ನೇ ಬರೆದಿರಬೇಕು. ಕನಿಷ್ಠ ಎರಡು ಸಲ ಎದುರು ಕೂತಿರಬೇಕು. ಅರ್ಜಿಯ ಮೇಲೆ ಕೂತವರ ಸಹಿ ಇರಬೇಕು ಎಂದರೆ ಸಂಗ್ರಹದ ಬಣ್ಣವೇ ಬದಲಾಗುತ್ತದೆ. ಬೆಟಗೇರಿಯ ನೇಕಾರ, ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಹಮಾಲ, ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್, ಕಸೂತಿ ಹಾಕುವ ಅವ್ವ – ಇವರನ್ನು ಯಾವ ಸಮಿತಿಯೂ ಠರಾವು ಮಾಡಿ ಬರೆಸುವುದಿಲ್ಲ, ಕಲಾವಿದ ತಾನಾಗಿ ಆರಿಸುತ್ತಾನೆ. ಮೊದಲ ಸುತ್ತು ಫೋಟೊ ಕಳಿಸಿ, ಎರಡನೆಯದಕ್ಕೆ ಮಾತ್ರ ಮೂಲ ಚಿತ್ರ ತರಿಸಿದರೆ ಸಾಗಣೆ ಖರ್ಚು ಉಳಿಯುತ್ತದೆ. ಲಂಡನ್ ಗ್ಯಾಲರಿಯವರು ತಮ್ಮ ಭಾವಚಿತ್ರ ಸ್ಪರ್ಧೆಯಲ್ಲಿ ಈಗ ಮಾಡುವುದೂ ಹಾಗೆಯೇ. ಒಂದು ಎಚ್ಚರ: ಬಹುಮಾನದ ಹಣದಲ್ಲೇ ಚಿತ್ರವೂ ಗ್ಯಾಲರಿಯದಾಗುತ್ತದೆ ಎಂಬ ಷರತ್ತು ಹಾಕಿದರೆ ಒಳ್ಳೆಯ ಕಲಾವಿದರು ತಮ್ಮ ಎರಡನೆಯ ದರ್ಜೆಯ ಚಿತ್ರ ಕಳಿಸುತ್ತಾರೆ. ಬಹುಮಾನ ಬೇರೆ, ಖರೀದಿಯ ಬೆಲೆ ಬೇರೆ ಇರಬೇಕು.

ದತ್ತಿಯ ಲೆಕ್ಕ

ಹಣ ಎಲ್ಲಿಂದ? ಧಾರವಾಡದವರ ಉತ್ತರ ಸಿದ್ಧ: ದತ್ತಿ. ತಂದೆ-ತಾಯಿಯ ಹೆಸರಿನಲ್ಲಿ ಇಡುಗಂಟು ಇಟ್ಟು ವರ್ಷಕ್ಕೊಂದು ಉಪನ್ಯಾಸ ಮಾಡಿಸುವ ಪದ್ಧತಿ ಈ ಊರನ್ನು ಬೆಳೆಸಿದೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಗ್ಯಾಲರಿಗೆ ಅದು ಸಾಲದು, ಲೆಕ್ಕ ಹಾಕಿದರೆ ತಿಳಿಯುತ್ತದೆ. ಶೇ. 7ರ ಬಡ್ಡಿ ಎಂದು ಹಿಡಿದರೆ 25,000 ರೂಪಾಯಿಯ ದತ್ತಿಗೆ ವರ್ಷಕ್ಕೆ 1,750. ಒಂದು ಸಾಧಾರಣ ಸ್ಪರ್ಧೆಗೆ ಮೊದಲ ಬಹುಮಾನ 1 ಲಕ್ಷ, ಸಾಗಣೆ, ವಿಮೆ, ಜ್ಯೂರಿಯ ಪ್ರಯಾಣ, ಕ್ಯಾಟಲಾಗ್ ಸೇರಿ ಇನ್ನೊಂದೂವರೆ ಲಕ್ಷ ಎಂದಿಟ್ಟುಕೊಂಡರೆ ಬೇಕಾದ ಇಡುಗಂಟು ಸುಮಾರು 36 ಲಕ್ಷ. ಎರಡು ವರ್ಷಕ್ಕೊಮ್ಮೆ ನಡೆಸಿದರೆ 18 ಲಕ್ಷ. ಅಮೆರಿಕದ ಸ್ಮಿತ್‌ಸೋನಿಯನ್ ಪೋರ್ಟ್ರೇಟ್ ಗ್ಯಾಲರಿಯಂಥದ್ದೇ ತನ್ನ ಸ್ಪರ್ಧೆಯನ್ನು ಮೂರು ವರ್ಷಕ್ಕೊಮ್ಮೆ ನಡೆಸುತ್ತದೆ, ನಾವು ವರ್ಷ ವರ್ಷ ಎಂದು ಹಟ ಹಿಡಿಯುವ ಅಗತ್ಯವಿಲ್ಲ. ಇನ್ನೂ ತೊಡಕಿನ ಸಂಗತಿ, ಬೆಲೆ ವರ್ಷಕ್ಕೆ ಶೇ. 5 ಏರಿದರೆ 14 ವರ್ಷದಲ್ಲಿ ಇಡುಗಂಟಿನ ಬಲ ಅರ್ಧವಾಗುತ್ತದೆ. ಅದು ಕುಗ್ಗದಂತೆ ಉಳಿಸಬೇಕಾದರೆ ಬಡ್ಡಿಯ ಏಳರಲ್ಲಿ ಐದು ಪಾಲು ಅಸಲಿಗೇ ಮರಳಬೇಕು.

ಹಾಗಾಗಿ ಒಂದೇ ಸಲ ಕೊಟ್ಟು ಹೋಗುವ ದಾನಿಗಿಂತ ಪ್ರತಿವರ್ಷ ಬರುವ ಗೆಳೆಯರ ಬಳಗ ಮುಖ್ಯ. ವರ್ಷಕ್ಕೆ 1,000 ರೂಪಾಯಿಯ 200 ಸದಸ್ಯರೆಂದರೆ 2 ಲಕ್ಷ. ಸುಮಾರು 29 ಲಕ್ಷದ ಠೇವಣಿ ದುಡಿದಷ್ಟು. ಸದಸ್ಯರು ಬರುತ್ತ ಹೋಗುತ್ತ ಇರುವುದರಿಂದ ಕೆಲಸ ನಡೆದಿದೆಯೇ ಎಂದು ಕೇಳುವವರೂ ಇರುತ್ತಾರೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣವೂ ಬರಬಹುದು. ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಕಲಾಕೃತಿಗಳ ಸಂರಕ್ಷಣೆಗೆ ಜಾಗವಿದೆ, ಪಡೆಯುವ ಸಂಸ್ಥೆ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ದಾನಕ್ಕೆ ಆದಾಯ ತೆರಿಗೆ ವಿನಾಯಿತಿಯ ರಸೀದಿ ತೋರಿಸಿ ಸದಸ್ಯರನ್ನು ಸೆಳೆಯುವುದು ಮೊದಲಿನಷ್ಟು ಸುಲಭವಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ವಿನಾಯಿತಿಯೇ ಇಲ್ಲ, ಹಳೆಯದರಲ್ಲಿದ್ದರೂ 2,000 ರೂಪಾಯಿ ಮೀರಿದ ನಗದು ದಾನಕ್ಕೆ ಸಿಗುವುದಿಲ್ಲ.

ಯಾರ ಹಣ ಎಂಬುದೂ ಮುಂಚೆಯೇ ತೀರ್ಮಾನವಾಗಿರಬೇಕು. ಲಂಡನ್ನಿನ ಸ್ಪರ್ಧೆಗೆ 1980ರಿಂದ ಸಿಗರೇಟು ಕಂಪನಿ ಜಾನ್ ಪ್ಲೇಯರ್, 1990ರಿಂದ ತೈಲ ಕಂಪನಿ ಬಿಪಿ, 2024ರಿಂದ ಒಂದು ಕಾನೂನು ಸಂಸ್ಥೆ ಪ್ರಾಯೋಜಕರು. ಪ್ರತಿ ಬದಲಾವಣೆಯ ಹಿಂದೆ ಆ ಕಾಲದ ಜನಾಭಿಪ್ರಾಯ ಕಾಣುತ್ತದೆ. 2019ರಲ್ಲಿ, ಚಟ ಹಿಡಿಸುವ ನೋವುನಿವಾರಕದ ವಿವಾದಕ್ಕೆ ಸಿಲುಕಿದ್ದ ಸ್ಯಾಕ್ಲರ್ ಕುಟುಂಬದ ಟ್ರಸ್ಟಿನ 10 ಲಕ್ಷ ಪೌಂಡ್ ಕೊಡುಗೆಯನ್ನೂ ಆ ಗ್ಯಾಲರಿ ಪಡೆಯಲಿಲ್ಲ. ಒಳ್ಳೆಯ ಮಾದರಿಯೂ ಅಲ್ಲಿಯೇ ಇದೆ: ಶನೆಲ್ ಕಂಪನಿಯ ನಿಧಿಯಿಂದ ಸಂಗ್ರಹದಲ್ಲಿ ಕಡಿಮೆಯಿದ್ದ ಮಹಿಳೆಯರ ಚಿತ್ರ ಹೆಚ್ಚಿಸಲೆಂದೇ ಒಂದು ಯೋಜನೆ ನಡೆಯಿತು. ನಮ್ಮಲ್ಲೂ ಆ ಕೊರತೆಯೇ ದೊಡ್ಡದು. ರುಮಾಲು, ಪಗಡಿ, ಟೋಪಿಗಳ ಸಾಲಿನಲ್ಲಿ ಸರೋಜಿನಿ ಮಹಿಷಿಯಂಥವರ ಚಿತ್ರಕ್ಕೆ ಹುಡುಕಾಡಬೇಕು. ಇನ್ನು ಇಲ್ಲಿಯದೇ ಆದ ತೊಂದರೆ – ಹಣ ಕೊಟ್ಟವರು ತಮ್ಮ ಅಜ್ಜನ ಚಿತ್ರವನ್ನೂ ಜೊತೆಗೇ ತರುತ್ತಾರೆ. ದಾನಿಗಳ ಹೆಸರಿಗೆ ಬಾಗಿಲ ಬಳಿ ಕಲ್ಲು ಹಾಕಿಸಿ. ಒಳಗಿನ ಗೋಡೆ ಆಯ್ಕೆ ಸಮಿತಿಯದು.

ಕಾರ್ಯಕ್ರಮಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಸಮಾರಂಭ ಮಾಡುವುದನ್ನು ಈ ಊರಿಗೆ ಯಾರೂ ಕಲಿಸಬೇಕಾಗಿಲ್ಲ. ವೇದಿಕೆಯ ಮೇಲೆ ಭಾವಚಿತ್ರ ಪ್ರಾತ್ಯಕ್ಷಿಕೆ ನಡೆದೇ ಇರುತ್ತದೆ. ಒಂದು ಮಾತ್ರ ತುರ್ತಿನದು. ಕಾಲೇಜು, ಸಂಗೀತ ಶಾಲೆ, ನಾಟಕ ಕಂಪನಿಗಳ ಗುಂಪು ಫೋಟೊಗಳಲ್ಲಿ ಯಾರು ಯಾರು ಎಂದು ಹೇಳಬಲ್ಲವರಿಗೆ ಈಗ ಎಂಬತ್ತು ದಾಟಿದೆ. ಫೋಟೊದ ದೊಡ್ಡ ಪ್ರಿಂಟ್ ತೆಗೆಸಿ, ಮೇಲೆ ಟ್ರೇಸಿಂಗ್ ಪೇಪರ್ ಹಾಕಿ ಪ್ರತಿ ತಲೆಗೂ ನಂಬರು ಬರೆದು, ಹಿರಿಯರನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಬೇಕು. ಒಟ್ಟಿಗೆ ಕೂರಿಸಿದರೆ ಗಟ್ಟಿ ದನಿಯವರು ಹೇಳಿದ್ದೇ ಎಲ್ಲರ ಉತ್ತರವಾಗುತ್ತದೆ. ಇಬ್ಬರು ಬೇರೆ ಬೇರೆಯಾಗಿ ಒಂದೇ ಹೆಸರು ಹೇಳಿದರೆ ಖಚಿತ, ಇಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆ. ಮನೆಗಳಿಂದ ತಂದ ಫೋಟೊವನ್ನು ಅಲ್ಲಿಯೇ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಅದೇ ಕ್ಷಣ ವಾಪಸು ಕೊಡಬೇಕು. ‘ನಾಳೆ ಕೊಡ್ತೀವಿ’ ಎಂದರೆ ಮುಂದಿನ ಸಲ ಯಾರೂ ತರುವುದಿಲ್ಲ. ನಮ್ಮಲ್ಲಿ ಸಿಗದ ಹತ್ತೊಂಬತ್ತನೆಯ ಶತಮಾನದ ಮುಖಗಳಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಆರ್ಕೈವ್ಸ್ ನೋಡಬಹುದು. 1837ರಿಂದ ಧಾರವಾಡದಲ್ಲಿದ್ದ ಆ ಮಿಶನ್ನಿನ ಫೋಟೊ ಸಂಗ್ರಹ ಅಂತರ್ಜಾಲದಲ್ಲೇ ತೆರೆದಿದೆ.

ಕೊನೆಯದಾಗಿ ಕಾಗದಪತ್ರ. ಚಿತ್ರ ಕೈಗೆ ಬಂದರೆ ಅದರ ಹಕ್ಕೂ ಬಂದಂತೆ ಎಂದು ಸಂಸ್ಥೆಗಳು ತಿಳಿದಿವೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಹಣ ಕೊಟ್ಟು ಹೇಳಿ ಬರೆಸಿದ ಭಾವಚಿತ್ರದ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದು. ಕಲಾವಿದ ತಾನಾಗಿ ಬರೆದು ಕೊಟ್ಟದ್ದು ಅಥವಾ ಸ್ಪರ್ಧೆಗೆ ಕಳಿಸಿದ್ದು ಹಾಗಲ್ಲ. ಅದರ ಹಕ್ಕು ಕಲಾವಿದನಲ್ಲೇ ಉಳಿದು, ಆತ ತೀರಿಕೊಂಡ ನಂತರ 60 ವರ್ಷ ವಾರಸುದಾರರದಾಗಿರುತ್ತದೆ. ಕ್ಯಾಲೆಂಡರಿಗೋ ಪುಸ್ತಕದ ಮುಖಪುಟಕ್ಕೋ ಬಳಸುವ ಮುಂಚೆ ಬರಹದಲ್ಲಿ ಅನುಮತಿ ಬೇಕು. ಚಿತ್ರ ನಮ್ಮದೇ ಎಂದು ಮೂಲೆಗೆ ಎಸೆಯುವುದಕ್ಕೂ ಮಿತಿಯಿದೆ. ದಿಲ್ಲಿಯ ವಿಜ್ಞಾನ ಭವನದಿಂದ ಕಿತ್ತು ಹಾಳುಗೆಡವಿದ ಕಂಚಿನ ಭಿತ್ತಿಶಿಲ್ಪದ ಪ್ರಕರಣದಲ್ಲಿ ಶಿಲ್ಪಿ ಅಮರನಾಥ ಸೆಹಗಲ್‌ಗೆ ಕೇಂದ್ರ ಸರಕಾರ 5 ಲಕ್ಷ ರೂಪಾಯಿ ಕೊಡಬೇಕೆಂದು 2005ರಲ್ಲಿ ದಿಲ್ಲಿ ಹೈಕೋರ್ಟ್ ಹೇಳಿತು. ದಾನಪತ್ರ ಒಂದು ಪುಟ ಸಾಕು: ಕೊಡುವವರು ಯಾರು, ಅವರಿಗೆ ಕೊಡುವ ಅಧಿಕಾರವಿದೆಯೇ, ನಕಲು ಮುದ್ರಿಸಲು ಒಪ್ಪಿಗೆ, ಸದಾ ಗೋಡೆಯ ಮೇಲೇ ಇರಬೇಕೆಂಬ ಷರತ್ತು ಇಲ್ಲ, ಮುಂದೆ ಗ್ಯಾಲರಿ ಮುಚ್ಚಿದರೆ ಚಿತ್ರ ಯಾವ ಸಂಸ್ಥೆಗೆ ಹೋಗಬೇಕು. ಈ ಕೊನೆಯ ಸಾಲನ್ನು ಬರೆಯಲು ಎಲ್ಲರೂ ಹಿಂಜರಿಯುತ್ತಾರೆ, ಅಪಶಕುನವೆಂಬಂತೆ. ಬರೆಯದೆ ಬಿಟ್ಟಲ್ಲಿ ಟ್ರಸ್ಟಿನ ಎರಡನೆಯ ತಲೆಮಾರಿನ ಹೊತ್ತಿಗೆ ಚಿತ್ರ ಯಾರದೋ ಮನೆಯ ಪಡಸಾಲೆಗೆ ಹೋಗಿರುತ್ತದೆ, ಕೇಳುವ ಹಕ್ಕು ಯಾರಿಗೂ ಇರುವುದಿಲ್ಲ.